ನಮ್ಮ ಕತ್ತೆ

ಶನಿವಾರದ ಕೊನೇ ಪೀರಿಯಡ್ಡು.
ಫಿಲೋಮಿನಾ ಟೀಚರ್ ಇಂಗ್ಲಿಷ್ ಕಾದಂಬರಿ ತೆರೆದು
ಮಂಡ್ಯದ ಕನ್ನಡದಲ್ಲಿ ಓದುತ್ತಿದ್ದರು.
ಮೋಡದೂರಿಗೆ ಹೊರಟ ಹುಡುಗಿಯ ಹಿಂದೆ
ರೆಕ್ಕೆ ಬಂದ ಮುದಿ ಕತ್ತೆ;
'ಏನ್ ಕೂಸೇ, ಅಲ್ಲೂ ಹುಳ್ಳಿ ಸಿಕ್ತದಾ?' ಅಂತ
ದಾರಿಯುದ್ದ ಅದರದೊಂದೇ ಚಿಂತೆ.

ಅದೇ ಕತೆ ಸಿನಿಮಾ ಆಗಿ
ಮೈಸೂರಿನ ಟಾಕೀಸಿಗೆ ಬಂತು.
ತಲಾ ಎಂಟಾಣೆ, ನಲವತ್ತೊಂದು ಮಕ್ಕಳು,
ಒಂದು ಕೆಂಪು ಬಸ್ಸು.

ಪರದೆಯ ಮೇಲೆ ಮೋಡಕ್ಕೆ ಗುಲಾಬಿ ಬಣ್ಣ,
ಮಾತಿಗೆ ಮೊದಲೇ ಹಾಡು,
ಹಾಡು ಮುಗಿಯುವ ಮೊದಲೇ ಕುಣಿತ.
ಕತ್ತೆಯೂ ಬಂತು: ಬೆಳ್ಳಗೆ, ಮಿರಿಮಿರಿ,
ಕಂಠ ಸಕ್ಕರೆ ಪಾಕ.
ಒಂದಕ್ಷರ ತಿಳಿಯದು.
ಇಂಟರ್‌ವಲ್ಲಿನಲ್ಲಿ ಚಿಕ್ಕತಾಯಿ ಬಿಕ್ಕಿದಳು:
'ಇದು ನಮ್ ಕತ್ತೆ ಅಲ್ಲ, ಟೀಚರ್.
ನಮ್ದು ಎಲ್ಲೋಯ್ತು?'

ಟೀಚರ್ ಕಡಲೇಕಾಯಿ ಕೊಡಿಸಿದರು,
ಉತ್ತರ ಕೊಡಲಿಲ್ಲ.

ಮರಳುವಾಗ ಇರುಳು.
ಶ್ರೀರಂಗಪಟ್ಟಣದ ಸೇತುವೆ ದಾಟುವಷ್ಟರಲ್ಲಿ
ಅರ್ಧ ಬಸ್ಸು ನಿದ್ದೆ.
ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ
ಕಿಟಕಿಯಲ್ಲಿ ನುಗ್ಗಿದ್ದೇ ತಡ
ಮುಂದಿನ ಸೀಟಿನಿಂದ,
ಸೆರಗು ಬಾಯಿಗೆ ಅಡ್ಡ ಹಿಡಿದು, ಯಾರೋ
ಗೊಗ್ಗರು ದನಿಯಲ್ಲಿ:
'ಏನ್ ಕೂಸೇ, ಊರು ಬಂತಾ?'

ಚಿಕ್ಕತಾಯಿ ಕಣ್ಣು ಬಿಡಲಿಲ್ಲ.
ಜಡೆ ಎಳೆದುಕೊಂಡು, ಕಿಟಕಿಯತ್ತ ಸರಿದು,
ಅದಕ್ಕೂ ಒಂದಿಷ್ಟು ಜಾಗ ಮಾಡಿದಳು.