ಪೊದೇರ ಬರೂತನಕ

ಐದಕ್ಕ ಗುಳಿಗಿ.
ಬಿಳೇದು, ಜ್ವಾಳದ ಕಾಳಿಗಿಂತ ಒಂಚೂರು ದೊಡ್ಡದು.
ಒಂದು ಲೋಟ ನೀರು.
ಆಮ್ಯಾಲ ಒಂದು ತಾಸು ಏನೂ ಇಲ್ಲ:
ಚಾ ಇಲ್ಲ, ಬಿಸ್ಕೀಟಿಲ್ಲ,
ಬಾಜೂ ಮನಿ ಎಸ್ಪೆರಾನ್ಸಾ ಬಾಯಿ ಮುಚ್ಚಿಟ್ಟು ಹೋದ ಗಂಜಿ ಇಲ್ಲ.
ವಾಸ್ಕೋದ ಕತ್ತಲಿ ಐತಿ,
ಬಂದರಿನ ದೀಪ ಐತಿ,
ಎದಿಗೆ ಹತ್ತಿಕೊಂಡು ನೀ ಅದಿ.

ನಂದು ಉಪವಾಸದ ಹೊತ್ತು, ನಿಂದು ಊಟದ್ದು.
ಒಮ್ಮೊಮ್ಮೆ ನಗು ಬರತೈತಿ.

ನಿಮ್ಮಜ್ಜಿ ಗುಳೇದಗುಡ್ಡದಿಂದ ಫೋನ್ ಹಚ್ಚಿದ್ದಳು:
"ಔಷಧದ ಹಾಲು ಕೂಸಿಗೆ ಕುಡಸ್ತೀಯೇನ?
ಗುಳಿಗಿ ಬಿಡು, ಇಲ್ಲಾ ಹಾಲು ಬಿಡಸು."
ಆಕಿ ಕೆಟ್ಟಾಕಿ ಅಲ್ಲ.
ಆಕಿ ಹೊಲದು ಕಳಿಸಿದ ಖಣದ ಕುಲಾಯಿ
ಈಗ್ಲೂ ನಿನ್ನ ತಲಿಮ್ಯಾಲ ಐತಿ.

ನಾ ಗುಳಿಗಿ ಬಿಟ್ಟೆ. ಯಾರಿಗೂ ಹೇಳಲಿಲ್ಲ.
ನಿಮ್ಮಪ್ಪ ಸೀಸೆ ಎಣಸ್ಯಾನಂತ
ದಿನಾ ಒಂದೊಂದು ತಗದು
ಕಿಟಕಿಯ ತುಳಸಿ ಬುಡಕ್ಕ ಊರಿದೆ.

ಒಂದು ತಿಂಗಳು. ಮ್ಯಾಲ ನಾಕು ದಿನ.
ಮೇ ತಿಂಗಳದಾಗ ಮಂದಿ ಬೆವರಿನಾಗ ತೊಯ್ಯುವಾಗ
ನಾ ಕೌದಿ ಹೊದ್ದೆ.
ಹಣಗಿ ತುಂಬ ಕೂದಲ ಉಂಡಿ.
ಎದ್ದು ಲೈಟು ಹಾಕೂದು ಸೈತ ಗುಡ್ಡ ಹತ್ತಿದಂಗ.
ನೀ ಜಗ್ಗಿದಿ, ಜಗ್ಗಿದಿ, ಎದಿ ಬಿಟ್ಟು
ನನ್ನ ಮುಖ ನೋಡಿದಿ,
ಬಾಗಿಲು ಹಾಕಿದ ಅಂಗಡಿ ನೋಡಿದಂಗ.

ಚಿಖಲಿ ದವಾಖಾನಿಯ ಪ್ರಭುದೇಸಾಯಿ ಬಾಯಿ ಬೈಲಿಲ್ಲ.
ಆಕಿಗೆ ಕನ್ನಡ ಬರೂದಿಲ್ಲ,
ನನ್ನ ಕೊಂಕಣಿ ಮೀನಂಗಡಿತನಕ ಅಷ್ಟ.
ಚೀಟಿಯ ಹಿಂದ ಚಿತ್ರ ತಗದಳು: ಕುತಗಿ,
ಕುತಗಿಯ ಮುಂದ ಆಚೀಕೊಂದು ಈಚೀಕೊಂದು ಪಕಳಿ, ನಡುವ ಗಂಟು.
ಥೇಟ್ ನಮ್ಮವ್ವ ಕುಪ್ಪಸಕ್ಕ ಹಾಕೂ ಗಂಟು.

"ಇದು ಮಾಡಬೇಕಾದ್ದನ್ನ ಮಾಡವಲ್ಲದು.
ಅದನ್ನ ಗುಳಿಗಿ ತುಂಬಿ ಕೊಡತೈತಿ.
ಆರಾಮಿದ್ದ ತಾಯಿ ಹಾಲಿನಾಗೂ
ಇದು ಇರೂದ, ಚೂರೇ ಚೂರು.
ಅಳತಿ ಬರೋಬರಿ ಇದ್ದರ ಕೂಸಿಗೇನೂ ಆಗೂದಿಲ್ಲ.
ನೀ ಬಿಟ್ಟರ ಮಾತ್ರ..."
ಮುಂದಿನ ಮಾತು ಸಿಗಲಿಲ್ಲ ಆಕಿಗೆ.
ಗಾಳಿಯೊಳಗ ಒಂದು ನಳ ತಿರುವಿ ಬಂದ್ ಮಾಡಿದಳು.

ಹುಟ್ಟಿದಾಗ ನಿನ್ನ ಹಿಮ್ಮಡ ಚುಚ್ಚಿ ತಗದ
ಒಂದು ಹನಿ ರಗತದ ಕಾಗದ ಹುಡುಕಿದಳು.
"ಈಕೀದು ಚಲೋ ಐತಿ."
ನಂದು, ಆರು ವಾರಕ್ಕ ಮತ್ತೊಮ್ಮೆ ನೋಡೂದು.

ಹಡದಮ್ಯಾಲ ಕೊಟ್ಟ ಕಬ್ಬಿಣದ ಗುಳಿಗಿ, ಸುಣ್ಣದ ಗುಳಿಗಿ
ಇದರಿಂದ ನಾಲ್ಕು ತಾಸು ದೂರ ಇರಬೇಕಂತ.
ಕೂಡಿ ಬಂದರ ಇದನ್ನ ಮೈಗೆ ಹತ್ತಗೊಡೂದಿಲ್ಲ ಅವು.
ನಿಮ್ಮಪ್ಪ ಯಮನೂರ ಬಂದರಿನಾಗ ಅದಿರು ತುಂಬತಾನ.
ರಾತ್ರಿ ಪಾಳಿ ಮುಗಿಸಿ
ಕೆಂಪು ಧೂಳಿನ ಅಂಗಿಯಾಗ ಹೊಸ್ತಿಲಕ್ಕ ನಿಂತು ಕೇಳತಾನ:
"ಕಬ್ಬಿಣ ಬಂದೈತಿ. ಒಳಗ ಬರಲೇನ, ಇನ್ನೂ ನಾಲ್ಕು ತಾಸು ನಿಲ್ಲಲೇನ?"

ನಿನ್ನಿ ಅಜ್ಜಿಗೆ ಎಲ್ಲಾ ಹೇಳಿದೆ, ತುಳಸಿದೂ.
ಬಾಳೊತ್ತು ಸುಮ್ಮನಿದ್ದಳು.
ಹಿಂದ ಯಾರದೋ ಮಗ್ಗ ಖಟಖಟ ಅಂತಿತ್ತು.
ಆಮ್ಯಾಲ: "ಯಮನೂರ ಹುಟ್ಟಿದಾಗ
ನನಗೂ ಬ್ಯಾಸಗಿ ಚಳಿ. ಮಗ್ಗದ ಕುಣಿಯಾಗ ಕಾಲ ಇಳಿಬಿಟ್ಟು
ಸುಮ್ಮಸುಮ್ಮನ ಅಳತಿದ್ದೆ.
ಹಾಲು ಹತ್ತಲೇ ಇಲ್ಲ. ಮಂದಿ ದಿಟ್ಟಿ ಅಂದರು,
ಮೆಣಸಿನಕಾಯಿ ಸುಟ್ಟರು."
ಮತ್ತ ಮಗ್ಗ.
"ಆ ಗುಳಿಗಿ ಹೆಸರೇನಂದಿ?"

ಪೊಂ ಪೊಂ.
ಆರಾತು. ಪೊದೇರನ ಸೈಕಲ್ಲು ಇಳುಕಲಿಳದು ಬಂತು,
ಬುಟ್ಟಿಯ ಬಿಸಿ ಪಾವಿನ ವಾಸನಿ ಅದಕ್ಕಿಂತ ಮದಲ ಬಂತು.
ನೀ ಬಾಯಿ ಬಿಟ್ಟು ಮಲಗೀದಿ,
ಗಲ್ಲದ ಮ್ಯಾಲ ಒಂದು ಹನಿ, ಒರಸಂಗಿಲ್ಲ ನಾ.
ಎಸ್ಪೆರಾನ್ಸಾ ಬಾಯಿ ಗ್ವಾಡಿ ಬಡದು ಕೂಗತಾಳ:
ತಾಸು ಮುಗೀತು, ಚಾ ಇಡು.

ಕಿಟಕಿಯಾಗಿನ ತುಳಸಿ ಮಾತ್ರ
ಯಾಕೋ ಈ ಸಲ ಬಾಳ ಚಿಗತೈತಿ.