ಹತ್ತು ಗಂಟೆ ಹದಿನೆಂಟು ನಿಮಿಷ

ಇನ್ವರ್ಕಾರ್ಗಿಲ್ಲಿನ ಡಿಸೆಂಬರ್ ಸೂರ್ಯ
ಉಂಡು ಕೈತೊಳೆದ ಮೇಲೂ ಹೊರಡದ ನೆಂಟ.
ಒಂಬತ್ತೂವರೆಯಾದರೂ ಬೇಲಿಯ ಮೇಲೆ
ಮೊಣಕೈ ಊರಿ ನಿಂತೇ ಇರುತ್ತಾನೆ.

ನನ್ನಲ್ಲಿ ಬೆಳಕಿಗೇನೂ ಕಮ್ಮಿಯಿಲ್ಲ.
ನಾಲ್ಕು ಸಾವಿರದ ಇನ್ನೂರು ಬಲ್ಬು, ಅರವತ್ತನಾಲ್ಕು ಚಾನೆಲ್ಲು,
ಗ್ಯಾರೇಜಿನಲ್ಲಿ ಒಂದು ಮುದಿ ಕಂಪ್ಯೂಟರು,
ಫ್ಯಾನಿಗೆಲ್ಲ ಬೆಕ್ಕಿನ ಕೂದಲು ಸುತ್ತಿಕೊಂಡು
ಬೆಕ್ಕಿನ ಹಾಗೇ ಗುರುಗುಟ್ಟುತ್ತದೆ.
ಬರ ಇರುವುದು ಕತ್ತಲೆಗೆ.

ಪ್ರೋಗ್ರಾಮು ಬರೆದವನು ಭೂಮಿಯ ಆ ಮಗ್ಗುಲಿನವನಿರಬೇಕು.
ಮೊದಲ ವರ್ಷ ತಾನೇ ತಾನಾಗಿ ಸಂಜೆ ಐದಕ್ಕೆ ಎದ್ದು
ಫಳಫಳ ಬಿಸಿಲಲ್ಲಿ ಆಟವನ್ನೆಲ್ಲ ಆಡಿ ಮುಗಿಸಿತ್ತು.
ಒಣಹಾಕಿದ ಬೆಡ್‌ಶೀಟುಗಳ ಹಿಂದೆ
ಸಾರಂಗಗಳು ಓಡಿದವೋ ಇಲ್ಲವೋ, ದೇವರಿಗೇ ಗೊತ್ತು.
ಬ್ರೈಸ್ ಕಿಟಕಿಯಿಂದ ನೋಡಿ
"ಕೆಟ್ಟಿದೆಯಾ?" ಅಂದ.

ಜೂನಿನಲ್ಲಾದರೆ ಕತ್ತಲೆ ಐದಕ್ಕೇ ಬಂದು
ಹೊಸ್ತಿಲಲ್ಲಿ ಬಿದ್ದಿರುತ್ತದೆ, ಕೇಳುವವರಿಲ್ಲ.
ಆಗ ನಾನು ಕಾಲಿಗೆ ಹೀಟರಿಟ್ಟುಕೊಂಡು
ಒಂದೊಂದು ಸೆಕೆಂಡನ್ನೂ ಇಪ್ಪತ್ತು ಹೋಳು ಮಾಡುತ್ತೇನೆ.
ಈ ಹೋಳಿಗೆ ಸೂರು, ಈ ಹೋಳಿಗೆ ಗುಲಾಬಿ ಕಂಟಿ,
ಮುಂದಿನ ಎರಡಕ್ಕೆ ಏನೂ ಬೇಡ.
ಹಾಲಿನ ಪುಡಿಯ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ
ಸ್ವಿಚ್‌ಬೋರ್ಡಿನ ಮುಂದೆ ರಾತ್ರಿಪಾಳಿ ಮಾಡಿದವಳು,
ಕೈ ಸುಮ್ಮನಿರುವುದಿಲ್ಲ.
ಮೂರೂವರೆ ನಿಮಿಷದ ಹಾಡಿಗೆ ನಲವತ್ತು ಗಂಟೆ.
ಬ್ರೈಸ್ ಇದನ್ನು ಯಾರಿಗೂ ಹೇಳಬೇಡ ಅನ್ನುತ್ತಾನೆ.

ಎದುರು ಮನೆಯ ರಾವಿರಿಗೆ ನಾಲ್ಕು ವರ್ಷ.
ಡೈನೋಸಾರ್ ಪೈಜಾಮ ತೊಟ್ಟು ಎಂಟಕ್ಕೇ ಹಾಜರು.
"ಆಯ್ತಾ?" "ಇನ್ನೂ ಇಲ್ಲ."
"ಈಗ?" "ಇನ್ನೂ ಇಲ್ಲ ಮರಿ."
ಆಕಾಶ ನಿಂಬೆಸಿಪ್ಪೆ, ಆಮೇಲೆ ಬೂದಿ, ಆಮೇಲೆ ಮತ್ತೆ ಬೂದಿ.
ಹತ್ತು ಗಂಟೆ ಹದಿನೆಂಟಕ್ಕೆ ನಾನು ಶುರುಮಾಡುವಾಗ
ಅಪ್ಪನ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ.
ಹಾಲಿನ ಟ್ಯಾಂಕರ್ ಓಡಿಸುವ ತಾಮತಿ, ಪಾಪ,
ನಾಲ್ಕಕ್ಕೆ ಏಳಬೇಕಾದವನು,
ಮುಗಿಯುವ ತನಕ ಅವನನ್ನು ಹೊತ್ತು ನಿಲ್ಲುತ್ತಾನೆ.
ಮುಚ್ಚಿದ ರೆಪ್ಪೆಗಳ ಮೇಲೆ ಕೆಂಪು, ಹಸಿರು,
ನನ್ನ ನಲವತ್ತು ಗಂಟೆ ಹಾದುಹೋಗುತ್ತದೆ.
ಹನ್ನೊಂದು ರಾತ್ರಿ ಹೀಗೇ.

ಇಪ್ಪತ್ತಮೂರರಂದು ಕತ್ತಲೆಯನ್ನು ನಾನೇ ಮಾಡಿದೆ.

ಮೈದುನನ ಶೆಡ್ಡಿನಿಂದ ಉಣ್ಣೆಚೀಲ ತಂದು
ಗ್ಯಾರೇಜಿನ ಕಿಟಕಿಗೆ ಮೊಳೆ ಹೊಡೆದೆ.
ಕುರಿಜಿಡ್ಡಿನ ಘಮಲು.
ಬಾಗಿಲ ಸಂದಿಗೆ ಹಳೇ ಕಾರ್ಪೆಟ್ಟು,
ಮೂಲೆಗೆ ಬ್ರೈಸನ ರಬ್ಬರ್ ಬೂಟು.
ಬೆಳಕು ಇಷ್ಟು ಕಳ್ಳ ಎಂದು ಗೊತ್ತಿರಲಿಲ್ಲ!
ಇಲ್ಲಿ ಒತ್ತಿದರೆ ಅಲ್ಲಿ ನುಸಿಯುತ್ತದೆ.
ಹಚ್ಚುವುದನ್ನು ಎಲ್ಲರೂ ಕಲಿಸಿದರು,
ಇದನ್ನು ಯಾರೂ ಕಲಿಸಲಿಲ್ಲ.
ತಗಡಿನ ಗೋಡೆಯಲ್ಲಿ ಹಳೆಯದೊಂದು ಮೊಳೆಯ ತೂತು
ಸಿಗದೆ ಉಳಿಯಿತು.

ಸೂರಿನ ಎಡಗಡೆಯಿಂದ ನಾಲ್ಕು ಸರ ಬಿಚ್ಚಿ
ಏಣಿಗೆ ಸುತ್ತಿದೆ. ಸಂಜೆ ಆರು ಗಂಟೆ.
ತಾಮತಿ ಬಣ್ಣದ ಡಬ್ಬದ ಮೇಲೆ, ರಾವಿರಿ ಅವನ ಮಂಡಿಯ ಮೇಲೆ.
ಮೂರೂವರೆ ನಿಮಿಷ ಏಣಿ
ಹತ್ತಿತು, ಇಳಿಯಿತು, ಕುಣಿಯಿತು.
ಮುಗಿಯಿತು.

"ಇನ್ನೊಮ್ಮೆ" ಅಂದ.
ಕೀಲಿಮಣೆ ತಡಕಿದೆ.
"ಅದಲ್ಲ. ಕತ್ತಲೆ."

ಕೂತೆವು.
ತೂತಿನಿಂದ ಬಂದ ಬಿಸಿಲು
ಫ್ರೀಜರಿನ ಮುಚ್ಚಳದ ಮೇಲೆ ಒಂದು ಬಿಲ್ಲೆಯಾಗಿ ಬಿದ್ದಿತ್ತು.
ರಾವಿರಿ ಇಳಿದು ಹೋಗಿ ಗೋಡೆ ತಡವಿ
ಹೆಬ್ಬೆರಳಿಟ್ಟು ಆರಿಸಿದ.
ತೆಗೆದು ಹಚ್ಚಿದ.
ಆರಿಸಿದ. ತುಂಬಾ ಹೊತ್ತು ಹಾಗೇ ಇಟ್ಟ,
ಅವರಪ್ಪ ಗೊರಕೆ ಹೊಡೆಯುವ ತನಕ.

ರಾತ್ರಿ ಹತ್ತು ಹದಿನೆಂಟಕ್ಕೆ ಹೊರಗಿನ ಆಟ
ತನ್ನ ಪಾಡಿಗೆ ಶುರುವಾಯಿತು. ಮೂರು ಕಾರು ನಿಂತಿದ್ದವು.
ಸರಗಳನ್ನು ವಾಪಸು ಕಟ್ಟಲು ಮರೆತಿದ್ದೆ,
ಸೂರಿನ ಎಡಗಡೆ ಕಪ್ಪಗೆ ಬಿಟ್ಟುಹೋಗಿತ್ತು.
ಬ್ರೈಸ್ ಹಾಸಿಗೆಯಿಂದೆದ್ದು ಬಂದು
"ಕೆಟ್ಟಿದೆಯಾ?" ಅಂದ.
"ಇಲ್ಲ, ಮಲಕ್ಕೋ" ಅಂದೆ.