ರಿಬಂದರ ಫೆರಿಯ ಮ್ಯಾಲ

ಗಾಡಿ ಹೊರಡೂ ಮುಂದ ಗ್ಯಾಸ್ ಬಂದ್ ಮಾಡಬೇಕೋ ಬ್ಯಾಡೋ,
ಇದ ಒಂದ ಜಗಳ ನಮ್ಮದು, ಆರು ವರ್ಷದ್ದು.

ಇಂವ ಅಂತಾನ: ಸಣ್ಣ ಉರಿ ಇರಲಿ,
ಚೋಡಣ ಮುಟ್ಟೂದ್ರೊಳಗ ರಸ್ಸಾ ಆರಿದ್ರ
ಆಮ್ಲೆಟ್ಟಿಗೆ ಯಾರು ಕೈ ಚಾಚತಾರ?

ನಾನಂತೀನಿ: ಟೆಂಪೊ ಕುಲುಕತೈತಿ,
ಪೈಪು ಹಳೇದು, ಹಿಂದ ಕೂಡಾಕಿ ನಾನು.

ಇವತ್ತ ಕಸ್ಟೋಡಿಯೊ ಸರಪಳಿ ಬಿಗಿದು
ಕಿಟಕಿಗೆ ಬಂದು ಕೇಳಿದ, ದಿನದಂಗ:
"ಸಿಲಿಂಡರ್ ಬಂದ್?"
ಹೂಂ ಅಂದ ಇಂವ.
ಹೂಂ ಅಂದೆ ನಾನೂ.
ಅಂದಮ್ಯಾಲ ಎದಿ ಧಸಕ್ ಅಂತು.
ತಿರುವಿದ್ದು ಇವತ್ತೋ, ನಿನ್ನೆಯೋ?
ದಿನಾ ಮಾಡೂ ಕೈಗೆ
ಲೆಕ್ಕ ಎಲ್ಲಿರತೈತಿ.

ತತ್ತಿ ಟ್ರೇ ಸರಿಸಿ, ಮಣಕಾಲೂರಿ
ಮೂಗು ಹಚ್ಚಿದೆ: ಉಳ್ಳಾಗಡ್ಡಿ, ಡೀಸೆಲ್ಲು, ಮಾಂಡವಿಯ ಉಪ್ಪು.
ಕಿವಿ ಹಚ್ಚಿದೆ: ಸುಯ್ ಅನ್ನೂದು
ನೀರೋ, ವಾಲ್ವೋ?
ಬಲಕ್ಕ ತಿರುವಿದೆ. ಅಲ್ಲಾಡಲಿಲ್ಲ.
ಆದರೂ ನಂಬಿಕಿ ಬರಲಿಲ್ಲ ನೋಡು,
ಮುಚ್ಚೇತಿ ಅಂತ ತಿಳಿಯಾಕ
ಒಮ್ಮೆ ತೆರೀಬೇಕಾತು.

ಬುಸ್ ಅಂತು. ಮುಚ್ಚಿದೆ.

ಆ ದಂಡಿ ಹತ್ರ ಬಂದಾಗ
"ಏನ್ ವಾಸನಿ?" ಅಂದ ಇಂವ, ಹಿಂದಕ್ಕ ಹೊಳ್ಳದ.
"ನಿನ್ನ ಹಳೇ ಪೈಪು. ಕೀಲಿ ತಿರುವಬ್ಯಾಡ, ತಡಿ."
ಬಾಗಲ ತಗದೆ. ಗಾಳಿ ಬಂತು.
ಹಿಂದಿನ ಸ್ಕೂಟರಿನವ
ಹಾರ್ನ್ ಹೊಡೀತಾನ ಇದ್ದ.